ನಾನು ಅವರನ್ನು ಕರೆದಿರುವುದಿಲ್ಲ

ಸಮೀನಾ, ನಿನ್ನ ಅಮ್ಮಿಯನ್ನು ಈ ಊರಿನಿಂದ ಹೊರಗೆ ಹಾಕಿಸಿದವಳು ನಾನು.

ಊರಿನವರು ಪೊಲೀಸರ ಹೆಸರು ಹೇಳುತ್ತಾರೆ, ಆ ವರ್ಷ ಗಡಿಯಲ್ಲಿ ನಡೆದ ಯುದ್ಧದ ಹೆಸರು ಹೇಳುತ್ತಾರೆ. ನಿನ್ನ ಅಬ್ಬಾನ ತಾಯಿ, ನಿನ್ನ ದಾದಿ, ಸಾಯುವ ತನಕ ಹಣೆಬರಹ ಎಂದೇ ಹೇಳಿದರು. ಹೇಳಲಿ. ಪೊಲೀಸರೂ ಇದ್ದರು, ಯುದ್ಧವೂ ಇತ್ತು. ಆದರೆ ನಿನ್ನ ಅಮ್ಮಿಯ ಅರ್ಜಿಯನ್ನು ಕೊಂದದ್ದು ನಾನು ಬರೆದುಕೊಟ್ಟ ಒಂದು ಪುಟದ ಹೇಳಿಕೆ. ನನ್ನ ಹೆಸರು, ಶಾಲೆಯ ವಿಳಾಸ — ಇಷ್ಟು ಬಿಟ್ಟರೆ ಅದರಲ್ಲಿ ಲೆಕ್ಕಕ್ಕೆ ಬರುವ ಒಂದು ಮಾತೂ ನಿಜವಾಗಿರಲಿಲ್ಲ.

ಹೋದ ತಿಂಗಳು ಪಿಯುಸಿ ಫಲಿತಾಂಶ ಬಂದ ದಿನ ನೀನು ನಿಮ್ಮ ಮನೆಗೂ ಹೋಗದೆ ಮೊದಲು ನನ್ನಲ್ಲಿಗೆ ಓಡಿ ಬಂದೆ. "ಟೀಚರ್, ಅಮ್ಮಿ ನನ್ನ ಬಿಟ್ಟು ಹೋದಾಗ ನೀವು ಬಿಡ್ಲಿಲ್ಲ. ನೀವೇ ನಂಗೆ ಅಮ್ಮ ಆಗಿದ್ರಿ" ಎಂದು ನನ್ನ ಬಾಯಿಗೆ ಪೇಡೆ ಇಟ್ಟೆ. ನಾನು ತಿಂದೆ. ನಿನ್ನ ತಲೆ ಸವರಿದೆ. ಕಣ್ಣಲ್ಲಿ ನೀರು ಕೂಡ ತಂದುಕೊಂಡೆ — ಎಂಥ ಹೆಂಗಸು ನಾನು!

ಅಮ್ಮಿ ನಿನ್ನನ್ನು ಬಿಟ್ಟು ಹೋಗಲಿಲ್ಲ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಓದು.

ನೀನು ಬಲ್ಲ ಅಮ್ಮಿ ಕಡಿಮೆ ಮಾತಿನವಳು. ಬಾಗಿಲ ಪಕ್ಕ ಕೂತು ಯಾರದೋ ಸೀರೆಗೆ ಫಾಲ್ ಹೊಲಿಯುವವಳು. ನಾನು ಬಲ್ಲ ನಸ್ರೀನ್ ಹಾಗಿರಲಿಲ್ಲ. ಕರಾಚಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವಳ ತಾಯಿ ನಿನ್ನ ಅಬ್ಬಾನ ಸೋದರತ್ತೆ, ಮದುವೆಯಾಗಿ ಆ ಕಡೆ ಹೋದವರು. ರಕ್ತಸಂಬಂಧ ಕಡಿದು ಹೋಗಬಾರದೆಂದು ಹಿರಿಯರು ಮಾತಾಡಿ, ಆ ತಾಯಿಯ ಮಗಳನ್ನು ಈ ಕಡೆಗೆ ಸೊಸೆಯಾಗಿ ತಂದರು. ನಿನ್ನ ಅಬ್ಬಾ ರಿಯಾಜ್ ಆಗಲೇ ಹೊನ್ನವಳ್ಳಿ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ. ತೋಟಗಳ ಬೋರ್‌ವೆಲ್ ಮೋಟರು ಸುಟ್ಟುಹೋದರೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ನಿಮ್ಮ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಬಂದ ಎಂಟೇ ದಿನಕ್ಕೆ ಅವಳು ಆ ಗೋಡೆಯ ಮೇಲೆ ಮೊಣಕೈ ಊರಿ ನಿಂತಳು. ಕನ್ನಡದ ಒಂದು ಪದ ಬರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಮೊರ ತೋರಿಸಿ ಇದರ ಹೆಸರೇನು ಎಂದು ಸನ್ನೆಯಲ್ಲೇ ಕೇಳಿದಳು.

ನಾನು ವಿಧವೆ, ಒಂಟಿ, ಪ್ರೈಮರಿ ಶಾಲೆಯ ಮೇಡಂ. ಶಾಲೆ ಬಿಟ್ಟು ಬಂದ ಮೇಲೆ ಮಾತಾಡಲು ನನಗೂ ಯಾರೂ ಇರಲಿಲ್ಲ. ಒಂದನೆಯ ತರಗತಿಯ ಪುಸ್ತಕ ತಂದುಕೊಟ್ಟೆ. ಎರಡು ವರ್ಷಕ್ಕೆ ಅವಳು ಬಸ್ಸಿನ ಬೋರ್ಡು ಓದಿದಳು, ಅಂಗಡಿಯ ಹೆಸರು ಓದಿದಳು, ಪೊಟ್ಟಣ ಕಟ್ಟಿಕೊಟ್ಟ ಹಳೆಯ ಪತ್ರಿಕೆ ಬಿಚ್ಚಿ ಓದಿದಳು. ಬೀದಿಯ ಹೆಂಗಸರು ಅವಳನ್ನು 'ಪಾಕಿಸ್ತಾನದೋಳು' ಎಂದೇ ಕರೆಯುತ್ತಿದ್ದರು — ಕೆಟ್ಟ ಮನಸ್ಸಿನಿಂದಲ್ಲವಂತೆ, ಗುರುತಿಗಂತೆ! ನಲ್ಲಿಯ ಹತ್ತಿರ ಒಂದು ದಿನ ಅವಳು ಬಿಂದಿಗೆ ಕೆಳಗಿಟ್ಟು ಅಂದಳು: "ನಾನು ಮೋಟ್ರು ರಿಯಾಜ್ ಹೆಂಡ್ರು ಕಣ್ರೀ. ಅಷ್ಟು ಉದ್ದದ ಹೆಸ್ರು ಯಾಕೆ, ನಸ್ರೀನ್ ಅನ್ನಿ ಸಾಕು." ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಮತ್ತೆ ಪಾಕಿಸ್ತಾನದೋಳು.

ಪ್ರತಿ ವರ್ಷ ಅವಳು ಇಲ್ಲಿರಲು ಅಪ್ಪಣೆ ಕೇಳಬೇಕಿತ್ತು. ಗಂಡನ ಮನೆಯಲ್ಲಿ ಅಡುಗೆ ಮಾಡಿಕೊಂಡಿರಲು, ಹೆತ್ತ ಮಗುವಿಗೆ ಹಾಲು ಕುಡಿಸಿಕೊಂಡಿರಲು ಅಪ್ಪಣೆ! ಫೋಟೋ, ಮುಚ್ಚಳಿಕೆ, ಠಾಣೆಯ ಬೆಂಚು, ಜಿಲ್ಲಾ ಕೇಂದ್ರದ ಕಚೇರಿಯ ಬೆಂಚು. ಅವಳಿಗೆ ಇದ್ದದ್ದು ತಿಪಟೂರಿನಲ್ಲಿರಲು ಮಾತ್ರ ಅನುಮತಿ. ತಾಲ್ಲೂಕಿನ ಎಲ್ಲೆ ದಾಟಬೇಕಾದರೆ ಠಾಣೆಗೆ ಮೊದಲೇ ಬರೆದುಕೊಡಬೇಕು, ಅವರು ಹೂಂ ಎನ್ನುವವರೆಗೆ ಕಾಯಬೇಕು. ಅವಳು ಒಂದು ಸಲವೂ ತಪ್ಪಿದವಳಲ್ಲ. ಹಾಗೆ ಬೇಕಾದಷ್ಟು ವರ್ಷ ತುಂಬಿದ ಮೇಲೆ, ಇಲ್ಲಿಯೇ ಕಾಯಂ ಆಗಿ ನೆಲೆಸಲು, ಈ ದೇಶದವಳೇ ಆಗಲು ಅರ್ಜಿ ಹಾಕಿದಳು. ಅವಳನ್ನು ಬಲ್ಲ ಇಬ್ಬರು ಸ್ಥಳೀಯರ ಸಹಿ ಬೇಕಿತ್ತು. ಒಂದು, ರಿಯಾಜನ ಅಂಗಡಿ ಕಟ್ಟಡದ ಮಾಲೀಕರದು. ಇನ್ನೊಂದು ನನ್ನದು. 'ಇವರನ್ನು ನಾನು ಇವರು ಬಂದಂದಿನಿಂದ ಚೆನ್ನಾಗಿ ಬಲ್ಲೆ, ಸನ್ನಡತೆಯವರು' ಎಂದು ಹೆಮ್ಮೆಯಿಂದ ಬರೆದಿದ್ದೆ. ಆ ಮಾತು ನಿಜವಾಗಿತ್ತು.

ನನ್ನ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವ ಹಂದನಕೆರೆಯಲ್ಲಿ ನನ್ನ ತಮ್ಮ ಬಸವರಾಜುವಿನ ಜೊತೆ ಇದ್ದಳು. ತೋಟದಲ್ಲಿ ಹಸಿ ಮಟ್ಟೆಯ ಮೇಲೆ ಕಾಲಿಟ್ಟು ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನಾನು ತಿಪಟೂರಿಗೆ ಕರೆತಂದು ಆರು ತಿಂಗಳು ಇಟ್ಟುಕೊಂಡೆ. ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ಆ ವಾಸನೆಗೆ ನಾನು — ಹೆತ್ತ ಮಗಳು — ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಸ್ರೀನ್ ಮುಚ್ಚಿಕೊಳ್ಳಲಿಲ್ಲ. ಅವಳು ಮದುವೆಗೆ ಮುಂಚೆ ಕರಾಚಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸುಗಳ ಕೈಕೆಳಗೆ ಕೆಲಸ ಕಲಿತಿದ್ದಳು. ದಿನಾ ಮಧ್ಯಾಹ್ನ ಗೋಡೆ ಬಳಸಿ ಬಂದು, ನೀರು ಕುದಿಸಿ, ಹುಣ್ಣು ತೊಳೆದು, ಬಟ್ಟೆ ಕಟ್ಟಿ, ಅವ್ವನನ್ನು ಮಗ್ಗುಲು ತಿರುಗಿಸಿ ಮಲಗಿಸುತ್ತಿದ್ದಳು. ನೀನು ಪಕ್ಕದಲ್ಲೇ ಕೂತು ಕೊಬ್ಬರಿ ಚೂರು ಚೀಪುತ್ತಿದ್ದೆ. ಹುಣ್ಣು ಒಣಗತೊಡಗಿತು. ಬೇಸಿಗೆ ಬಂದಾಗ ಅವ್ವ ಊರಿಗೆ ಹೋಗುತ್ತೇನೆಂದು ಹಟ ಹಿಡಿದಳು; ತಮ್ಮ ಬಂದು ಕರೆದುಕೊಂಡು ಹೋದ.

ತಿಂಗಳೊಳಗೆ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ನಾನು ಹೋಗಿ ನೋಡಿದಾಗ ಹುಳ ಬಿದ್ದಿತ್ತು. ಜ್ವರ. ದೊಡ್ಡಾಸ್ಪತ್ರೆಗೆ ಹೋಗೋಣವೆಂದರೆ ಅವ್ವ ಮಂಚದ ಕಾಲು ಹಿಡಿದುಕೊಂಡಳು. "ಆ ಸಾಬರ ಹುಡುಗೀನ ಕರ್ಕಂಬಾ. ಅವಳ ಕೈ ನೋಯ್ಸಲ್ಲ" ಎಂದಳು.

ಬಸ್ಸಿಳಿದು ನೇರ ನಿಮ್ಮ ಮನೆಗೆ ಬಂದೆ. ನಸ್ರೀನ್ ನನ್ನ ಮುಖ ನೋಡಿಯೇ ಎದ್ದು ನಿಂತಳು.

"ಹಂದನಕೆರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಲ್ವಾ ಟೀಚರಕ್ಕ? ಸ್ಟೇಷನ್ನಲ್ಲಿ ಬರ್ಕೊಟ್ಟು ಬತ್ತೀನಿ. ಮೂರ್ನಾಕು ದಿವ್ಸ ಆಗುತ್ತೆ, ಅಷ್ಟೇ."

"ಅಷ್ಟು ದಿವ್ಸ ಅವ್ವ ಉಳಿಯಲ್ಲ ಕಣೇ" ಎಂದೆ.

ಅವಳ ಅರ್ಜಿ ಮೇಲಕ್ಕೆ ಹೋಗಿತ್ತು. ಸ್ಥಳೀಯ ವಿಚಾರಣೆ ಒಂದು ಮುಗಿದರೆ ಆಯಿತು ಎಂದಿದ್ದರು. ಟಿ.ವಿ.ಯಲ್ಲಿ ದಿನವೂ ಗುಡ್ಡದ ಮೇಲಿನ ಗುಂಡಿನ ಸದ್ದು, ಬಾವುಟ ಹೊದಿಸಿದ ಪೆಟ್ಟಿಗೆಗಳು. ಅಂಥ ಹೊತ್ತಿನಲ್ಲಿ ಅವಳು ಎಲ್ಲೆ ದಾಟುವುದು ಏನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ನಾನು ಅವಳ ಕೈ ಹಿಡಿದುಕೊಂಡು ಅಂದೆ: "ಬೆಳಿಗ್ಗೆ ಹೋಗಿ ಸಾಯಂಕಾಲಕ್ಕೆ ಬಂದ್ಬುಡೋಣ. ಯಾರ್ ನೋಡ್ತಾರೆ? ಏನಾದ್ರೂ ಆದ್ರೆ ನಾನಿದೀನಿ."

ನಾನಿದೀನಿ. ಈ ಮಾತನ್ನು ಹೇಳಿದ ನಾಲಿಗೆಯನ್ನು ಇವತ್ತಿಗೂ ಕಚ್ಚಿಕೊಳ್ಳಬೇಕೆನಿಸುತ್ತದೆ.

ನಿನ್ನನ್ನು ದಾದಿಯ ಹತ್ತಿರ ಬಿಟ್ಟು ಅವಳು ಬಂದಳು. ಎರಡು ತಾಲ್ಲೂಕಿನ ನಡುವೆ ಏನಿದೆ ಎನ್ನುತ್ತೀಯಾ? ರಸ್ತೆ ಬದಿಯಲ್ಲಿ ಒಂದು ಹಳದಿ ಬೋರ್ಡು. ಈ ಕಡೆಯೂ ತೆಂಗು, ಆ ಕಡೆಯೂ ತೆಂಗು. ಬಸ್ಸಿನಲ್ಲಿದ್ದ ಯಾರೊಬ್ಬರೂ ಆ ಬೋರ್ಡನ್ನು ತಿರುಗಿ ನೋಡಲಿಲ್ಲ — ಅವಳೊಬ್ಬಳು ನೋಡಿದಳು. ನೋಡಿ, ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡಳು.

ಸಾಯಂಕಾಲಕ್ಕೆ ವಾಪಸ್ಸು ಬರಲಾಗಲಿಲ್ಲ. ಹುಳ ತೆಗೆದು ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿತ್ತು. ಮಾರನೆಯ ದಿನ ಜ್ವರ ಏರಿತ್ತು. ಒಂದು ದಿನ ಎಂದು ಕರೆದವಳು ಮೂರು ದಿನ ಇರಿಸಿಕೊಂಡೆ. ಅವಳು ನನ್ನ ಅವ್ವನ ಕೀವು ತೊಳೆದಳು, ಮಲ ತೊಳೆದಳು, ಗುಟುಕು ಗುಟುಕಾಗಿ ಗಂಜಿ ಕುಡಿಸಿದಳು. ನನ್ನ ತಮ್ಮನ ಹೆಂಡತಿ ಅವಳಿಗೆ ನೀರು ಕುಡಿಯಲು ಬೇರೆ ಲೋಟವೊಂದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟಿದ್ದಳು. ನಾನು ಅದನ್ನು ಕಂಡೆ. ಕಂಡು ಏನೂ ಅನ್ನಲಿಲ್ಲ. ಈಗ ಯೋಚಿಸಿದರೆ, ನಾನು ಏನು ಮಾಡಬಲ್ಲವಳು ಎಂಬುದು ಅಲ್ಲಿಯೇ ಗೊತ್ತಾಗಬೇಕಿತ್ತು — ಅವಳಿಗೂ, ನನಗೂ.

ಅವ್ವ ಉಳಿದಳು. ಎರಡು ವರ್ಷ ಬದುಕಿದಳು.

ನಸ್ರೀನ್ ತಿಪಟೂರಿಗೆ ಮರಳಿ ವಾರವಾಗಿರಬೇಕು. ಹಂದನಕೆರೆಯ ಯಾರೋ ಪೊಲೀಸರ ಕಿವಿಗೆ ಹಾಕಿದ್ದರು, ಪಾಕಿಸ್ತಾನದ ಹೆಂಗಸೊಬ್ಬಳು ಊರಿಗೆ ಬಂದು ಮೂರು ದಿನ ಇದ್ದಳು ಎಂದು. ಯಾರೆಂದು ನಾನು ಹುಡುಕಲಿಲ್ಲ. ಬೆರಳು ತೋರಿಸಲು ಒಬ್ಬರು ಸಿಕ್ಕಿಬಿಟ್ಟರೆ ನನ್ನ ಪಾಲು ಕಡಿಮೆಯಾದ ಹಾಗೆ ಅನ್ನಿಸಿಬಿಡುತ್ತದೆ, ಅದು ಬೇಡ.

ತಮ್ಮ ಓಡಿ ಬಂದ. "ಅಕ್ಕ, ನಮ್ಮನೆಗೂ ಬಂದು ಕೇಳವ್ರೆ. ನಾನು ಊರಲ್ಲೇ ಇರ್ನಿಲ್ಲ ಅಂದ್ಬುಟ್ಟೆ. ನೀನು ಗೌರ್ಮೆಂಟ್ ಕೆಲಸದಲ್ಲಿರೋಳು. ಅವಳೇ ಬಂದಿದ್ಲು ಅಂತ ಹೇಳ್ಬುಡು" ಎಂದ. ಅವನು ಹೇಳಿಕೊಟ್ಟದ್ದರಿಂದ ನಾನು ಹಾಗೆ ಮಾಡಿದೆ ಎಂದುಕೊಳ್ಳಬೇಡ. ಅವನು ಬಾಯಿ ಬಿಡುವ ಮೊದಲೇ ನನ್ನೊಳಗೆ ಎಲ್ಲವೂ ತೀರ್ಮಾನವಾಗಿತ್ತು. ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ಬಡ್ತಿ ಪಟ್ಟಿ ತಯಾರಾಗುತ್ತಿದ್ದ ಕಾಲ ಅದು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಇಷ್ಟೇ ಕಾರಣ. ಹಸಿವಲ್ಲ, ಜೀವಭಯವಲ್ಲ — ಒಂದು ಕುರ್ಚಿ.

ಶಾಲೆಗೇ ಬಂದರು ಠಾಣೆಯ ಒಬ್ಬ ಹಳೆಯ ಪೇದೆ. ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳುತ್ತೇನೆ ಸಮೀನಾ, ಅವರು ನನ್ನನ್ನು ಹೆದರಿಸಲಿಲ್ಲ. ಮಕ್ಕಳನ್ನು ಆಟಕ್ಕೆ ಬಿಟ್ಟು ಸ್ಟಾಫ್ ರೂಮಿನಲ್ಲಿ ಕೂತೆವು. ಅವರು ಫೈಲು ತೆರೆದು ನನ್ನ ಹಳೆಯ ಸಹಿಯ ಮೇಲೆ ಬೆರಳಿಟ್ಟರು.

"ಮೇಡಂ, ಜಾಮೀನು ಹಾಕಿರೋರು ನೀವೇ. ಆ ಯಮ್ಮನ್ನ ಕೇಳಿದ್ರೆ ನಾನಾಗೇ ಹೋಗಿದ್ದೆ ಅಂತಾಳೆ, ನಿಮ್ಮ ಹೆಸ್ರೇ ಎತ್ತಲ್ಲ. ಕಾಯಿಲೆಯೋರ್ನ ನೋಡ್ಕಳೋಕೆ ನಾನೇ ಕರ್ಕೊಂಡೋಗಿದ್ದೆ ಅಂತ ಎರಡು ಸಾಲು ಬರ್ಕೊಡಿ. ಸಾಹೇಬ್ರಿಗೆ ನಾನು ಹೇಳ್ತೀನಿ. ಒಂದು ವಾರ್ನಿಂಗ್ ಕೊಟ್ಟು ಬುಡ್ತಾರೆ."

"ನನಗೇನಾಗುತ್ತೆ?" ಎಂದು ಕೇಳಿದೆ. ನನ್ನ ಮೊದಲ ಪ್ರಶ್ನೆ ಇದೇ.

"ನಿಮ್ಮ ಇಲಾಖೆಯೋರು ಒಂದು ವಿವರಣೆ ಕೇಳಬೋದು. ಇನ್ನೇನಿಲ್ಲ ಕಣ್ರೀ."

ಒಂದು ವಿವರಣೆ! ಅವಳ ಇಡೀ ಬದುಕಿಗೆ ಎದುರಾಗಿ ನನಗೆ ಕೇಳಿದ್ದು ಒಂದು ವಿವರಣೆ ಬರೆಯುವ ಮುಜುಗರ, ಒಂದು ವರ್ಷ ತಡವಾಗಬಹುದಾಗಿದ್ದ ಒಂದು ಬಡ್ತಿ. ನಾನು ಹಾಳೆ ತೆಗೆದುಕೊಂಡೆ. ಮಕ್ಕಳ ಕಾಪಿ ತಿದ್ದುವಷ್ಟು ಎಚ್ಚರಿಕೆಯಿಂದ, ಒಂದು ಅಕ್ಷರವೂ ಹೊಡೆದುಹಾಕದೆ ಬರೆದೆ:

'ಸದರಿ ನಸ್ರೀನ್ ಬಾನು ಎಂಬುವರು ನಮ್ಮ ಮನೆಯ ಹಿಂಬದಿಯಲ್ಲಿ ವಾಸವಾಗಿರುತ್ತಾರೆ. ನೆರೆಹೊರೆಯವರೆಂಬುದನ್ನು ಬಿಟ್ಟರೆ ನನಗೂ ಅವರಿಗೂ ವಿಶೇಷ ಪರಿಚಯ ಇರುವುದಿಲ್ಲ; ಹಿಂದಿನ ಸಹಿಯನ್ನು ಅವರ ಕೋರಿಕೆಯ ಮೇರೆಗೆ ಮಾತ್ರ ಹಾಕಿರುತ್ತೇನೆ. ಅವರು ಹಂದನಕೆರೆ ಗ್ರಾಮಕ್ಕೆ ಯಾವ ಉದ್ದೇಶದಿಂದ ಬಂದಿದ್ದರು ಎಂಬುದು ನನಗೆ ತಿಳಿದಿರುವುದಿಲ್ಲ. ನಾನು ಅವರನ್ನು ಕರೆದಿರುವುದಿಲ್ಲ.'

ಪೇದೆ ಓದಿದರು. ಮತ್ತೊಮ್ಮೆ ಓದಿದರು. "ಆಯ್ತು ಬುಡಿ ಮೇಡಂ" ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡರು. ಹೋಗುವಾಗ ನಮಸ್ಕಾರ ಮಾಡಲಿಲ್ಲ.

'ಯಾವ ಉದ್ದೇಶದಿಂದ' — ನೋಡಿದೆಯಾ ಆ ಮಾತನ್ನು? ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದ್ದು. ಯುದ್ಧದ ಬೇಸಿಗೆಯಲ್ಲಿ, ಆ ದೇಶದ ಪಾಸ್‌ಪೋರ್ಟು ಇರುವ ಹೆಂಗಸಿನ ಫೈಲಿನಲ್ಲಿ, 'ಉದ್ದೇಶ ತಿಳಿಯದು' ಎಂದು ಬರೆದರೆ ಓದುವವರು ಏನೆಂದುಕೊಳ್ಳುತ್ತಾರೆ ಎಂಬುದು ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಡುವ ನನಗೆ ಗೊತ್ತಿರಲಿಲ್ಲವೇ?

ಮಳೆಗಾಲದಲ್ಲಿ ಅರ್ಜಿ ತಿರಸ್ಕಾರವಾಯಿತು. ವರ್ಷದ ಅನುಮತಿಯನ್ನೂ ಮುಂದುವರಿಸಲಿಲ್ಲ. ದೇಶ ಬಿಡಬೇಕೆಂದು ನೋಟೀಸು ಬಂತು. ನಿನ್ನ ಅಬ್ಬಾ ಎರಡು ತಿಂಗಳು ಅಂಗಡಿಯ ಬಾಗಿಲು ತೆರೆಯದೆ ಕಚೇರಿಯಿಂದ ಕಚೇರಿಗೆ ಅಲೆದ. ನೀನು ಇಲ್ಲಿ ಹುಟ್ಟಿದವಳು, ಇಲ್ಲಿಯವಳು. ನಿನ್ನನ್ನು ಕರೆದುಕೊಂಡು ಹೋಗಬೇಕಾದರೆ ನಿನಗೆ ಬೇರೆ ಪಾಸ್‌ಪೋರ್ಟು, ಬೇರೆ ವೀಸಾ. ಅದಕ್ಕೆ ಸಮಯ ಎಲ್ಲಿತ್ತು? ಒಂದು ಕಾನೂನು ತಾಯಿಯನ್ನು ಹೋಗು ಎಂದಿತು, ಇನ್ನೊಂದು ಮಗುವನ್ನು ಇರು ಎಂದಿತು. ಎರಡೂ ಕಾನೂನುಗಳ ಕೈಗೆ ಅವಕಾಶ ಕೊಟ್ಟವಳು ಮಾತ್ರ ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಮಕ್ಕಳಿಂದ ನಮಸ್ಕಾರ ತೆಗೆದುಕೊಳ್ಳುತ್ತಿದ್ದಳು.

ಅವಳು ರೈಲು ಹತ್ತುವ ದಿನ ನೀನು ನನ್ನ ಶಾಲೆಯಲ್ಲಿ ಒಂದನೆಯ ತರಗತಿಯಲ್ಲಿದ್ದೆ. ಬೆಳಗಿನ ಬಿಡುವಿನ ಗಂಟೆ ಹೊಡೆದಾಗ ಅವಳು ಗೇಟಿನಲ್ಲಿ ನಿಂತಿದ್ದಳು. ನಿನ್ನನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಡಬ್ಬಿಯಲ್ಲಿ ತಂದಿದ್ದ ಶಾವಿಗೆ ತಿನ್ನಿಸಿದಳು. ಊರಿಗೆ ಹೋಗಿ ಬರುತ್ತೇನೆ ಎಂದಳಂತೆ. ನೀನು ಬೊಂಬೆ ತಾ ಎಂದೆಯಂತೆ. ನಾನು ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದೆ — ಹತ್ತಿರ ಹೋಗಲು ಧೈರ್ಯವಿಲ್ಲ, ಒಳಗೆ ಹೋಗಲು ನಾಚಿಕೆ. ಅವಳೇ ಬಂದಳು. ಕಣ್ಣು ಒಣಗಿದ್ದವು.

"ಇವಳ್ನ ನೋಡ್ಕಳಿ" ಎಂದಳು. ಟೀಚರಕ್ಕ ಎನ್ನಲಿಲ್ಲ.

ನೋಡಿಕೊಂಡೆ. ಅದೇ ನನ್ನ ದೊಡ್ಡ ಮೋಸ. ನಿನಗೆ ಜಡೆ ಹಾಕಿದೆ, ನಿನ್ನ ಜ್ವರಕ್ಕೆ ರಜೆ ಹಾಕಿದೆ, ನಿನ್ನ ಮಗ್ಗಿ ಒಪ್ಪಿಸಿಕೊಂಡೆ. ಊರು ಹೊಗಳಿತು. ಬೇರೆ ಜಾತಿಯ, ಬೇರೆ ಧರ್ಮದ ಮಗುವನ್ನು ಹೆತ್ತ ಮಗಳ ಹಾಗೆ ಸಾಕುತ್ತಿದ್ದಾರೆ ಎಂದು ಶಿಕ್ಷಕರ ದಿನಾಚರಣೆಯಲ್ಲಿ ಶಾಲು ಹೊದಿಸಿದರು, ನಿನ್ನ ಕೈಯಿಂದಲೇ ಹಾರ ಹಾಕಿಸಿದರು. ಬಡ್ತಿಯೂ ಬಂದಿತ್ತು. ಆ ಕುರ್ಚಿಯಲ್ಲಿ ಕೂತಾಗ ನೀನು ಬಂದು ನನ್ನ ತೊಡೆಗೆ ಆತು ನಿಲ್ಲುತ್ತಿದ್ದೆ. ನಾಲ್ಕನೆಯ ತರಗತಿಯಲ್ಲಿ ಒಂದು ದಿನ ಕೇಳಿದೆ: "ಟೀಚರ್, ಅಮ್ಮಿ ರೂಲ್ಸ್ ಮುರಿದು ಎಲ್ಲೋ ಸುತ್ತಾಡೋಕೆ ಹೋಗಿದ್ಲಂತೆ, ಅದಕ್ಕೇ ಕಳ್ಸಿದ್ರಂತೆ. ಹೌದಾ?"

ಅಲ್ಲ ಎನ್ನಬಹುದಿತ್ತು. ಒಂದೇ ಪದ. "ದೊಡ್ಡವಳಾದ ಮೇಲೆ ಗೊತ್ತಾಗುತ್ತೆ, ಹೋಗು ಆಟ ಆಡು" ಎಂದೆ. ಆ ದಿನ ನಿನ್ನ ಮನಸ್ಸಿನಲ್ಲಿ ಅಮ್ಮಿಯ ಮೇಲಿನ ಸಿಟ್ಟು ಬೇರು ಬಿಟ್ಟದ್ದನ್ನು ಕಣ್ಣಾರೆ ಕಂಡೆ. ಕಿತ್ತು ಹಾಕಲಿಲ್ಲ. ಯಾಕೆಂದರೆ — ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ಆ ಸಿಟ್ಟು ಬೆಳೆದಷ್ಟೂ ನೀನು ನನ್ನವಳಾಗುತ್ತಿದ್ದೆ.

ಅವ್ವನಿಗೂ ಸುಳ್ಳು ಹೇಳಿದೆ. "ಆ ಹುಡುಗಿ ಎಲ್ಲೋದ್ಲವ್ವಾ, ಬರನೇ ಇಲ್ವಲ್ಲ" ಎಂದು ಕಡೆಯವರೆಗೂ ಕೇಳುತ್ತಿದ್ದಳು. ತವರಿಗೆ ಹೋಗಿದ್ದಾಳೆ ಎಂದೆ. "ಬಂದ್ರೆ ಒಂದು ಸೀರೆ ಕೊಡು" ಎಂದು ಹೇಳಿ ಸತ್ತಳು.

ಐದು ವರ್ಷದ ಮೇಲೆ ಎರಡೂ ಕಡೆ ಸ್ವಲ್ಪ ತಣ್ಣಗಾಗಿ, ನಿನ್ನ ಅಬ್ಬಾನ ಅಲೆದಾಟಕ್ಕೆ ಕೊನೆಗೂ ವೀಸಾ ಸಿಕ್ಕಿ ನಸ್ರೀನ್ ಬಂದಳು. ನೀನು ಅವಳ ಹತ್ತಿರ ಹೋಗಲಿಲ್ಲ. ಅವಳು ತಂದ ಬೊಂಬೆಯ ಡಬ್ಬವನ್ನು ತೆರೆಯಲಿಲ್ಲ. ಬೊಂಬೆಯ ವಯಸ್ಸು ನಿನಗೆ ದಾಟಿಹೋಗಿತ್ತು. ಒಂದು ಸಲ ನನ್ನ ಎದುರಿಗೇ ಅವಳಿಗೆ ಹೇಳಿದೆ: "ನೀನು ನಿನ್ನ ಖುಷಿಗೆ ಹೋಗಿ ಸಿಕ್ಕಾಕೊಂಡೋಳು. ನಂಗೆ ಟೀಚರ್ ಇದ್ರು." ಅವಳು ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ನಾನು ಬಾಯಿ ತೆರೆಯುತ್ತೇನೇನೋ ಎಂದು ಕಾದಳು ಅಂತ ಈಗ ತಿಳಿಯುತ್ತದೆ. ಆಮೇಲೆ ಸೂಜಿಗೆ ದಾರ ಪೋಣಿಸತೊಡಗಿದಳು.

ಅವಳ ವರ್ಷಗಳ ಲೆಕ್ಕ ಸೊನ್ನೆಯಿಂದ ಶುರುವಾಗಿತ್ತು. ಮತ್ತೆ ಫೋಟೋ, ಮುಚ್ಚಳಿಕೆ, ಬೆಂಚು. ಈಗ ಮತ್ತೆ ಬೇಕಾದಷ್ಟು ವರ್ಷ ತುಂಬಿವೆ.

ನೀನು ಪೇಡೆ ಕೊಟ್ಟು ಹೋದ ನಾಲ್ಕನೆಯ ದಿನ, ಮಧ್ಯಾಹ್ನ, ಅವಳು ನನ್ನ ಮನೆಗೆ ಬಂದಳು. ಮರಳಿ ಬಂದ ಮೇಲೆ ನನ್ನ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೂರಲಿಲ್ಲ. ಕೈಯಲ್ಲಿ ಅರ್ಜಿ.

"ಕಾಯಂ ಆಗಿ ಇರೋಕೆ ಮತ್ತೆ ಹಾಕ್ತಾ ಇದೀನಿ. ಇಬ್ರು ಸೈನ್ ಬೇಕು. ಒಂದು ನಿಮ್ದು."

"ನಸ್ರೀನ್, ನನ್ನದು ಯಾಕೆ... ಬೇರೆ ಯಾರಾದರೂ..."

"ಅವತ್ತು ನೀವು ಬರ್ದಿದ್ದು ನಾನು ಓದಿದೀನಿ."

ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿತ್ತು. ನಾನು ಅಲ್ಲಾಡಲಿಲ್ಲ. ಅವಳೇ ಹೋಗಿ ಒಲೆ ಆರಿಸಿ ಬಂದಳು.

ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ಅಧಿಕಾರಿ ನನ್ನ ಹೇಳಿಕೆಯನ್ನು ಓದಿ ಹೇಳಲು ಹೊರಟರಂತೆ. ಕೊಡಿ ಸರ್, ನನಗೆ ಕನ್ನಡ ಓದಲು ಬರುತ್ತದೆ ಎಂದು ಇವಳು ಕೈಯೊಡ್ಡಿ ತೆಗೆದುಕೊಂಡಳಂತೆ. "ನಿಮ್ಮ ಅಕ್ಷರ ಅಂತ ನೋಡ್ದ ತಕ್ಷಣ ಗೊತ್ತಾಯ್ತು. ಖುಷಿ ಆಯ್ತು ನಂಗೆ. ನಾನಿದೀನಿ ಅಂದಿದ್ರಲ್ಲ! ಆಮೇಲೆ ಓದ್ದೆ. ಎರಡು ಸಲ ಓದ್ದೆ. ನಂಗೇ ಸರಿಯಾಗಿ ಓದೋಕೆ ಬರ್ತಿಲ್ವೇನೋ ಅನ್ಕೊಂಡೆ."

ಸುಳ್ಳು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ — ಕೇಳುವ ಹಕ್ಕು ನನಗೆಲ್ಲಿತ್ತು!

"ಹೇಳಿದ್ರೆ ಯಾರ್ ನಂಬ್ತಿದ್ರು? ನೀವು ಗೌರ್ಮೆಂಟ್ ಟೀಚರ್ರು, ನಾನು ಪಾಕಿಸ್ತಾನದೋಳು. ಅವರು ಬರ್ದಿರೋದು ಸರಿ ಅಂತ ಸೈನ್ ಹಾಕ್ದೆ. ನನ್ ಮಗಳು ನಿಮ್ಮ ಸ್ಕೂಲಲ್ಲಿದ್ಲು. ನಿಮ್ಮನ್ನ ಎದುರು ಹಾಕ್ಕೊಂಡು ಅವಳ್ನ ಯಾರ್ ಕೈಲಿ ಬುಟ್ಟು ಹೋಗ್ಲಿ?"

ನಾನು ಅವಳ ಕಾಲ ಹತ್ತಿರ ಕುಸಿದೆ. ಅವಳು ಹಿಂದಕ್ಕೆ ಸರಿದಳು.

"ಎದ್ದೇಳಿ. ಮಾಫಿ ಮಾಡೋಕೆ ಬಂದಿಲ್ಲ ನಾನು. ಸಿಟ್ಟಿದೆ ನಂಗೆ. ಅಲ್ಲಿದ್ದಾಗ್ಲೂ ಇತ್ತು, ಇಲ್ಲಿಗೆ ಬಂದ ಮೇಲೂ ದಿನಾ ಇತ್ತು, ಈಗ್ಲೂ ಇದೆ. ಈ ಊರಲ್ಲಿ ನಾನ್ ಯಾರು ಅಂತ ನಿಮಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ಅದಕ್ಕೆ ನಿಮ್ಮ ಸೈನೇ ಬೇಕು. ಹಾಕೋಕೆ ಮುಂಚೆ ಸಮೀನಾಗೆ ಹೇಳಿ. ನಾನ್ ಹೇಳಿದ್ರೆ ನಂಬಲ್ಲ ಅವಳು. ನಿಮ್ಮ ಮಾತು ನಂಬ್ತಾಳೆ."

ಅರ್ಜಿಯನ್ನು ಮೇಜಿನ ಮೇಲಿಟ್ಟು ಹೋದಳು.

ಹಾಗಾಗಿ ಇದನ್ನೂ ನಾನಾಗಿಯೇ ಬರೆಯುತ್ತಿಲ್ಲ, ಸಮೀನಾ. ಅವಳು ಬಂದು ನಿಂತು ಕೇಳದಿದ್ದರೆ ನಿನ್ನ ಪೇಡೆ ತಿಂದುಕೊಂಡು, ನಿನ್ನ ಮದುವೆಯಲ್ಲಿ ತಾಯಿಯ ಜಾಗದಲ್ಲಿ ಕೂತು, ಸತ್ತ ಮೇಲೆ ಒಳ್ಳೆಯ ಮೇಡಂ ಎನ್ನಿಸಿಕೊಂಡು ಹೋಗುತ್ತಿದ್ದೆ. ಪಶ್ಚಾತ್ತಾಪ ಎಂಬ ದೊಡ್ಡ ಮಾತು ನನಗೆ ಸಲ್ಲುವುದಿಲ್ಲ.

ಅರ್ಜಿಯ ಜೊತೆ ಇನ್ನೊಂದು ಹೇಳಿಕೆ ಬರೆದಿಟ್ಟಿದ್ದೇನೆ. ಅಂದು ನಾನು ಬರೆದದ್ದು ಸುಳ್ಳು, ನಸ್ರೀನ್ ಬಾನು ಅವರನ್ನು ಹಂದನಕೆರೆಗೆ ಕರೆದುಕೊಂಡು ಹೋದವಳು ನಾನು, ಅವರ ಉದ್ದೇಶ ನನ್ನ ತಾಯಿಯ ಪ್ರಾಣ ಉಳಿಸುವುದಾಗಿತ್ತು, ಉಳಿಸಿದರು — ಇಷ್ಟು. ತಮ್ಮನಿಗೆ ತಿಳಿಸಿದೆ. "ಹಳೇದನ್ನ ಯಾಕಕ್ಕ ಕೆದಕ್ತೀಯ? ರಿಟೈರಾಗಿದೀಯ, ಪಿಂಚಣಿಗೆ ಕಲ್ಲು ಬಿದ್ದೀತು" ಎಂದ. ಹಳೆಯದಂತೆ! ಅವಳು ಇವತ್ತಿಗೂ ಬೆಂಚಿನ ಮೇಲೆ ಕೂತಿದ್ದಾಳೆ, ನೀನು ಇವತ್ತಿಗೂ ಅವಳನ್ನು ಅಮ್ಮಿ ಎಂದು ಬಾಯಿ ತುಂಬ ಕರೆಯುವುದಿಲ್ಲ, ಯಾವುದು ಹಳೆಯದಾಯಿತು? ಆ ಹೇಳಿಕೆಯಿಂದ ಅವಳ ಅರ್ಜಿಗೆ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕಳೆದುಹೋದ ಆ ಐದು ವರ್ಷವನ್ನಂತೂ ಯಾವ ಕಚೇರಿಯೂ ಮಂಜೂರು ಮಾಡುವುದಿಲ್ಲ.

ನಾಳೆ ಬೆಳಿಗ್ಗೆ ನಾನೂ ಅವಳೂ ಜಿಲ್ಲಾ ಕೇಂದ್ರದ ಬಸ್ಸು ಹತ್ತುತ್ತೇವೆ. ಅದಕ್ಕೆ ಮುಂಚೆ, ಇವತ್ತು ಸಾಯಂಕಾಲ ನೀನು ಕಾಲೇಜಿನಿಂದ ಬಂದ ಕೂಡಲೇ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನಿಮ್ಮ ಮನೆಯಲ್ಲೇ, ಅವಳ ಎದುರಿಗೇ. ನೀನು ಓದಿ ಮುಗಿಸುವವರೆಗೆ ಅಲ್ಲಿಯೇ ಕೂತಿರುತ್ತೇನೆ. ಆಮೇಲೆ ನೀನು ಏನು ಬೇಕಾದರೂ ಹೇಳು. ನಾನು ಎದ್ದು ಹೋಗುವುದಿಲ್ಲ. ಆದರೆ ಮೊದಲು ಅವಳ ಕಡೆ ತಿರುಗು.